ಕರಿ ಕ್ಯಾಮೆರಾದ ಕಾಕು

ಮೊನ್ನೆ ಭಾನುವಾರ ಸೊಸೆ ಹಸಿಮೆಣಸಿನಕಾಯಿಯನ್ನು ಉದ್ದುದ್ದ ಸೀಳಿ ಗಾಜಿನ ಬಾಟಲಿಗೆ ತುಂಬಿ, ಮೇಲೆ ವಿನೆಗರ್ ಸುರಿಯುತ್ತಿದ್ದಳು. ಕೈ ಜಾರಿ ಅರ್ಧದಷ್ಟು ಕಟ್ಟೆಯ ಮೇಲೆ ಚೆಲ್ಲಿತು. ಆ ಹುಳಿ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಧಾರವಾಡದ ಈ ಅಡುಗೆಮನೆಯಲ್ಲಿ ಇರಲಿಲ್ಲ. ಬೈಲಹೊಂಗಲದ ಒಂದು ಓಣಿಯಲ್ಲಿ, ಕಿಟಕಿಗೆ ಗೋಣಿತಟ್ಟು ಬಡಿದ ಬಚ್ಚಲಮನೆಯಲ್ಲಿ, ಕೆಂಪು ಬಲ್ಬಿನ ಕೆಳಗೆ ನಿಂತಿದ್ದೆ. ಫೋಟೋ ತೊಳೆಯುವಾಗ ನೀರಿಗೆ ಬೆರೆಸುವ ಆ್ಯಸಿಡ್ಡಿನದೂ ಇದೇ ವಾಸನೆ. ಎದುರಿನ ತಟ್ಟೆಯಲ್ಲಿ ಒಂದು ಬಿಳಿ ಕಾಗದ, ಅದರ ಮೇಲೆ ನಿಧಾನವಾಗಿ ಮೂಡುತ್ತಿದ್ದ ಯಾರದೋ ಹುಬ್ಬು, ಮೂಗುಬಟ್ಟು... ಪಕ್ಕದಲ್ಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತ ಕಾಕು.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಬೈಲಹೊಂಗಲದ ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ ಬಂದೆ. ಮದುವೆಯಾಗಿ ಎರಡು ವರ್ಷವಾಗಿತ್ತಷ್ಟೆ. ಗಂಡನಿಗೆ ಧಾರವಾಡದಲ್ಲಿ ಕೆಲಸ, ನಾನು ವಾರಕ್ಕೊಮ್ಮೆ ಬಸ್ಸು ಹತ್ತುವವಳು. ಬಾಡಿಗೆಗೆ ಸಿಕ್ಕಿದ್ದು ಕಾಕುವಿನ ಮನೆಯ ಮುಂದಿನ ಕೋಣೆ. ಅವರನ್ನು ಇಡೀ ಓಣಿಯೇ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಆ ಕಡೆ ಟೀಚರುಗಳನ್ನು ಅಕ್ಕಾರು ಎನ್ನುವ ರೂಢಿ. ನನಗಿಂತ ಇಪ್ಪತ್ತು ವರ್ಷಕ್ಕಾದರೂ ದೊಡ್ಡವರಾದ ಕಾಕು ಕೊನೆಯವರೆಗೂ ನನ್ನನ್ನು ಅಕ್ಕಾರ ಎಂದೇ ಕರೆದರು.

ಅವರ ಯಜಮಾನರು ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವರು. ನಾನು ಬರುವ ಮೊದಲೇ ಹೃದಯಾಘಾತದಿಂದ ತೀರಿಕೊಂಡಿದ್ದರು. ಸ್ಟುಡಿಯೋ ಮೈದುನನ ಕೈಗೆ ಹೋಯಿತು. ಅವನು ಹೊಸ ಕಾಲದ ಮನುಷ್ಯ. ಬಣ್ಣದ ಫೋಟೋ, ಮದುವೆಯ ವಿಡಿಯೋ ಎಂದು ಅಂಗಡಿಯನ್ನು ಬೆಳೆಸಿದ. ಕಪ್ಪು ಬಿಳುಪು ಫೋಟೋ ತೊಳೆಯುವ ಹಳೆಯ ಸಾಮಾನುಗಳೆಲ್ಲ ಮನೆಯ ಬಚ್ಚಲಲ್ಲೇ ಉಳಿದವು. ಅವುಗಳ ಜೊತೆಗೆ ಮೈದುನ ತಂದುಕೊಟ್ಟದ್ದು ಒಂದು ಕರಿಯ ಕ್ಯಾಮೆರಾ. ಯಾರೂ ಇದಕ್ಕೆ ಕಿಮ್ಮತ್ತು ಕೊಡುವುದಿಲ್ಲ, ಅಣ್ಣನ ನೆನಪಿಗೆ ನಿಮ್ಮ ಹತ್ತಿರವೇ ಇರಲಿ ಎಂದು ಹೇಳಿ ಕೊಟ್ಟಿದ್ದನಂತೆ.

ಅದು ಜರ್ಮನಿಯ ರೇಂಜ್‌ಫೈಂಡರ್ ಕ್ಯಾಮೆರಾ. ರಾಮದುರ್ಗದಲ್ಲಿದ್ದ ಒಬ್ಬ ವಯಸ್ಸಾದ ಡಾಕ್ಟರರು ಊರು ಬಿಡುವಾಗ ಕಾಕುವಿನ ಯಜಮಾನರಿಗೆ ಕೊಟ್ಟು ಹೋಗಿದ್ದರು. ಅಂಗೈಯಲ್ಲಿ ಕುಳಿತುಕೊಳ್ಳುವಷ್ಟೇ ಗಾತ್ರ, ಆದರೆ ಎತ್ತಿದರೆ ಅಡಕೊತ್ತಿನಂತೆ ಭಾರ. ಮೇಲಿನ ಪುಟ್ಟ ಕಿಂಡಿಯಲ್ಲಿ ನೋಡಿದರೆ ಎದುರಿಗಿರುವ ಮುಖ ನಡುವೆ ಎರಡೆರಡಾಗಿ ಕಾಣುತ್ತಿತ್ತು. ಮುಂದೆ ಲೆನ್ಸಿನ ಸುತ್ತ ಇದ್ದ ಬಳೆಯನ್ನು ಮೆಲ್ಲಗೆ ತಿರುಗಿಸಿದರೆ ಎರಡು ನೆರಳೂ ಹತ್ತಿರ ಹತ್ತಿರ ಬಂದು ಒಂದಾಗುತ್ತಿದ್ದವು. ಒಂದಾದ ಗಳಿಗೆಯಲ್ಲಿ ಗುಂಡಿ ಒತ್ತಬೇಕು.

ಕಾಕುವಿಗೆ ಫೋಟೋ ತೊಳೆಯುವುದು ಚೆನ್ನಾಗಿ ಗೊತ್ತಿತ್ತು. ಯಜಮಾನರ ಜೊತೆ ವರ್ಷಗಟ್ಟಲೆ ಆ ಬಚ್ಚಲಲ್ಲಿ ನಿಂತವರು. ಆದರೆ ಫೋಟೋ ತೆಗೆದವರಲ್ಲ. ಅದು ಗಂಡಸರ ಕೆಲಸ ಎಂದು ಯಾರೂ ಹೇಳದೆಯೇ ಎಲ್ಲರೂ ಒಪ್ಪಿಕೊಂಡಿದ್ದ ಕಾಲ. ಪಕ್ಕದ ಮನೆಯ ಸೊಸೆಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಫೋಟೋ ತೆಗೆಸಬೇಕೆಂದಾಗ, ತುಂಬು ಗರ್ಭಿಣಿಯ ಮುಂದೆ ಯಾರೋ ಗಂಡಸು ದೀಪ ಹಿಡಿದು ನಿಲ್ಲುವುದು ಆ ಹುಡುಗಿಗೂ ಬೇಡವಾಗಿತ್ತು, ಅತ್ತೆಗೂ ಬೇಡವಾಗಿತ್ತು. ನಿಮ್ಮಲ್ಲೇ ಕ್ಯಾಮೆರಾ ಇದೆಯಲ್ಲ ಎಂದು ನಾನು ಸುಮ್ಮನೆ ಒಂದು ಮಾತು ಹೇಳಿದೆ. ಸಂಜೆ ನೋಡಿದರೆ ಕಾಕು ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ಹಳೆಯ ಸೀರೆಯ ಚೂರಿನಿಂದ ಒರೆಸುತ್ತಿದ್ದರು.

ಕುಬಸದ ದಿನ ಒಂದಿಡೀ ರೀಲು ತೆಗೆದರು. ಮರುದಿನ ಬಚ್ಚಲಲ್ಲಿ ತೊಳೆದು ಬೆಳಕಿಗೆ ಹಿಡಿದರೆ ಅದರಲ್ಲಿ ಏನೂ ಇರಲಿಲ್ಲ. ಈ ಕ್ಯಾಮೆರಾದಲ್ಲಿ ನಾವು ನೋಡುವ ಕಿಂಡಿ ಬೇರೆ, ಚಿತ್ರ ಹಿಡಿಯುವ ಕಣ್ಣು ಬೇರೆ. ಆ ಕಣ್ಣಿನ ಮುಚ್ಚಳ ತೆಗೆಯುವುದನ್ನೇ ಕಾಕು ಮರೆತಿದ್ದರು. ನಾನು ಬಾಯಿಗೆ ಸೆರಗು ಹಿಡಿದು ನಿಂತೆ. ಅವರು ಸ್ವಲ್ಪ ಹೊತ್ತು ಖಾಲಿ ಫಿಲ್ಮನ್ನೇ ನೋಡಿ, “ಅಕ್ಕಾರ, ಬಾಯಿ ಮುಚ್ಚಿದ ಗಿಂಡಿಗೆ ನೀರು ಹಾಕೇನಲ್ಲ ನಾ” ಎಂದರು.

ಬೇರೆಯವರಾಗಿದ್ದರೆ ಫಿಲ್ಮ್ ಕೆಟ್ಟಿತ್ತು ಎಂದು ಜಾರಿಕೊಳ್ಳುತ್ತಿದ್ದರೇನೋ. ಕಾಕು ಕೈ ಒರೆಸಿಕೊಂಡು ನೇರವಾಗಿ ಪಕ್ಕದ ಮನೆಗೆ ಹೋಗಿ ನಡೆದದ್ದನ್ನು ನಡೆದ ಹಾಗೇ ಹೇಳಿದರು. ಅತ್ತೆ ಮೊದಲು ಮುಖ ಗಂಟಿಕ್ಕಿದಳು, ಆಮೇಲೆ ನಕ್ಕಳು. ಸೊಸೆ ಇನ್ನೊಮ್ಮೆ ಹಸಿರು ಸೀರೆ ಉಟ್ಟಳು, ಬಾಡಿದ ದಂಡೆಯನ್ನೇ ಮುಡಿದಳು, ಓಣಿಯ ಹೆಂಗಸರು ಇನ್ನೊಮ್ಮೆ ಸುತ್ತ ಕೂತರು. ನಿಜವಾದ ಕುಬಸದ ಗಡಿಬಿಡಿ ಇರಲಿಲ್ಲವಾದ್ದರಿಂದ ಎಲ್ಲರೂ ಹಗುರಾಗಿದ್ದರು. ಆ ಫೋಟೋಗಳು ಎಷ್ಟು ಚೆನ್ನಾಗಿ ಬಂದವೆಂದರೆ, ಅವನ್ನು ನೋಡಿದ ಹೆಂಗಸರು ಒಬ್ಬೊಬ್ಬರಾಗಿ ಕಾಕುವಿನ ಪಡಸಾಲೆಗೆ ಬರತೊಡಗಿದರು.

ಸ್ಟುಡಿಯೋದ ಮೆಟ್ಟಿಲು ಹತ್ತದವರು ಅವರೆಲ್ಲ. ಬಾಣಂತಿಯರು, ಗಂಡ ಮನೆಯಲ್ಲಿಲ್ಲದ ಹೊತ್ತಿಗೆ ಬಂದು ಹೋಗುವವರು, ಮಗಳಿಗೆ ವರ ನೋಡುತ್ತಿದ್ದ ತಾಯಂದಿರು. ಮಹಿಳಾ ಸಂಘಗಳು ಶುರುವಾದ ಮೇಲಂತೂ ಬ್ಯಾಂಕಿನ ಪಾಸ್‌ಬುಕ್ಕಿಗೆ ಫೋಟೋ ಬೇಕೆಂದು ಊರೂರಿನಿಂದ ಕರೆ ಬಂತು. ರಜೆಯ ದಿನ ನಾನೂ ಜೊತೆಗೆ ಹೋಗುತ್ತಿದ್ದೆ. ಸಂಪಗಾಂವಿಯಲ್ಲಿ ಒಮ್ಮೆ ಒಂದು ಮನೆಯ ಗೋಡೆಗೆ ಬಿಳಿ ಧೋತರ ಕಟ್ಟಿ, ಹೊಲದಿಂದ ಬಂದು ಮುಖ ತೊಳೆದುಕೊಂಡ ಹೆಂಗಸರನ್ನು ಸಾಲಾಗಿ ಕೂರಿಸಿದರು. ಕಾಕು ಯಾರಿಗೂ ನಗಿರಿ ಎಂದು ಹೇಳುತ್ತಿರಲಿಲ್ಲ. ನಿಮ್ಮ ಎಮ್ಮೆ ಎಷ್ಟು ಹಿಂಡುತ್ತದೆ, ಮಗಳು ತವರಿಗೆ ಬಂದಳೇ ಎಂದು ಮಾತಿಗೆಳೆಯುತ್ತ ಬಳೆ ತಿರುಗಿಸುತ್ತಿದ್ದರು. ಆ ಕ್ಯಾಮೆರಾದ ಸದ್ದು ಬಲು ಸಣ್ಣದು. ಎಷ್ಟೋ ಮಂದಿ ಫೋಟೋ ತೆಗೆದಾದ ಮೇಲೆ, ಇನ್ನು ಯಾವಾಗ ತೆಗೆಯುತ್ತೀರಿ ಎಂದು ಕೇಳುತ್ತಿದ್ದರು. ಒಬ್ಬ ಅಜ್ಜಿ ತನ್ನ ಫೋಟೋವನ್ನು ಬಹಳ ಹೊತ್ತು ನೋಡಿ, ಬ್ಯಾಂಕಿನವರಿಗೆ ಬೇರೆ ಕೊಡಿರಿ, ಇದು ನನಗಿರಲಿ ಎಂದು ಸೆರಗಿನಲ್ಲಿ ಕಟ್ಟಿಕೊಂಡು ಹೋದದ್ದು ನೆನಪಿದೆ.

ಒಂದು ವರ್ಷ ನಮ್ಮ ಶಾಲೆಯ ಹುಡುಗಿಯರನ್ನು ಕಿತ್ತೂರಿಗೆ ಕರೆದೊಯ್ದೆವು. ಗುಂಪಿನ ಫೋಟೋಕ್ಕೆಂದು ಕಾಕುವನ್ನೂ ಹೊರಡಿಸಿದ್ದೆ. ಕೋಟೆಯೊಳಗಿನ ಅರಮನೆಯ ಮುರಿದ ಗೋಡೆಗಳ ಮುಂದೆ ಹುಡುಗಿಯರನ್ನು ನಿಲ್ಲಿಸಿ ಕಾಕು ಹಿಂದೆ ಹಿಂದೆ ಸರಿಯುತ್ತಿದ್ದಾಗ, ಹೆದ್ದಾರಿಯಿಂದ ಕೋಟೆ ನೋಡಲು ಬಂದಿದ್ದ ಒಬ್ಬರು ಅಲ್ಲೇ ನಿಂತುಬಿಟ್ಟರು. ಪುಣೆಯವರು, ಐವತ್ತರ ಆಸುಪಾಸು, ಜೊತೆಗೆ ಹೆಂಡತಿ. ಹಿಂದೆ ಬೆಳಗಾವಿಯಲ್ಲಿ ನೌಕರಿ ಮಾಡಿದ್ದರಿಂದ ಕನ್ನಡ ಅಷ್ಟಿಷ್ಟು ಬರುತ್ತಿತ್ತು. ಫೋಟೋ ಮುಗಿಯುವವರೆಗೆ ಕಾದು, ಹತ್ತಿರ ಬಂದು, ಕ್ಯಾಮೆರಾವನ್ನು ಒಮ್ಮೆ ಕೈಯಲ್ಲಿ ಹಿಡಿಯಬಹುದೇ ಎಂದು ಕೇಳಿದರು. ಕೊಡುವ ಮೊದಲೇ ಕರವಸ್ತ್ರ ತೆಗೆದು ಎರಡೂ ಕೈ ಒರೆಸಿಕೊಂಡರು.

ಅವರು ಹಳೆಯ ಕ್ಯಾಮೆರಾಗಳನ್ನು ಕೂಡಿಡುವ ಹವ್ಯಾಸದವರು. ಮೇಲೆ ಕೆತ್ತಿದ್ದ ನಂಬರನ್ನು ಓದಿದರು, ಲೆನ್ಸನ್ನು ಬೆಳಕಿಗೆ ಹಿಡಿದರು, ಅಂಚುಗಳನ್ನು ಬೆರಳಿನಿಂದ ಸವರಿದರು. ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕೂತು ನಮಗೆ ತಿಳಿಸಿ ಹೇಳಿದರು. ಇಂಥ ಕ್ಯಾಮೆರಾಗಳು ಬೆಳ್ಳಿ ಬಣ್ಣದವೇ ಹೆಚ್ಚು; ಕರಿ ಬಣ್ಣದವನ್ನು ಕಂಪನಿ ಬಹಳ ಕಡಿಮೆ ಮಾಡಿತ್ತು. ಜಪಾನ್, ಜರ್ಮನಿಗಳಲ್ಲಿ ಅವನ್ನು ಹುಡುಕಿಕೊಂಡು ತಿರುಗುವವರಿದ್ದಾರೆ. ಬೆಲೆ ಏರಿದ ಹಾಗೆ ಬೆಳ್ಳಿ ಬಣ್ಣದ್ದಕ್ಕೆ ಕರಿ ಬಳಿದು ಮೋಸ ಮಾಡುವವರೂ ಹೆಚ್ಚಾಗಿದ್ದಾರೆ. ಆದರೆ ಇದರ ಕರಿ ಬಣ್ಣ ಬೆರಳು ತಾಗುವ ಕಡೆಗಳಲ್ಲಷ್ಟೇ ಸವೆದು, ಒಳಗಿನ ಹಿತ್ತಾಳೆ ಹೊಳೆಯುತ್ತಿದೆ. ಹೀಗೆ ಸವೆಯಬೇಕಾದರೆ ವರ್ಷಗಟ್ಟಲೆ ದುಡಿದಿರಬೇಕು, ಹಾಗಾಗಿ ಇದು ಅಪ್ಪಟ ಅಸಲು ಎಂದರು. ಮುಟ್ಟದೆ ಪೆಟ್ಟಿಗೆಯಲ್ಲೇ ಇಟ್ಟಿದ್ದರೆ ಇನ್ನೂ ಹೆಚ್ಚು ಬರುತ್ತಿತ್ತಂತೆ. ಹಾಗಿದ್ದೂ ಅವರು ಹೇಳಿದ ಬೆಲೆ ಕೇಳಿ ನಾನೂ ಕಾಕೂ ಮುಖ ಮುಖ ನೋಡಿಕೊಂಡೆವು. ಪೇಟೆಯಲ್ಲಿ ಒಂದು ಮಳಿಗೆ ಹಿಡಿದು, ಅದರ ತುಂಬ ಸಾಮಾನು ಹಾಕಬಹುದಾಗಿತ್ತು.

ಒಂದೇ ಕುಂದು ಎಂದರೆ, ಕ್ಯಾಮೆರಾದ ಮೈಗೆ ಸುತ್ತಿದ್ದ ಚರ್ಮ ಮೂಲದ್ದಲ್ಲ ಎಂದು ಅವರು ಪೇಚಾಡಿದರು.

“ಅದು ನಮ್ಮ ಊರಾಗ ಚಪ್ಪಲಿ ಹೊಲಿಯೋ ಅಣ್ಣಾರು ಹಚ್ಚಿಕೊಟ್ಟಿದ್ದರಿ,” ಎಂದರು ಕಾಕು. “ಮೊದಲಿಂದು ಹರದು ಹೋಗಿತ್ತು. ನಮ್ಮ ಯಜಮಾನ್ರು ಮುಂದ ಕುಂತು ಹಚ್ಚಿಸಿದ್ರು. ಇನ್ನೂ ಒಂದು ತುದಿ ಎದ್ದಿಲ್ಲ ನೋಡ್ರಿ.”

ಪುಣೆಯವರು ತಮ್ಮ ಹೆಸರು, ಫೋನ್ ನಂಬರಿದ್ದ ಚೀಟಿ ಕೊಟ್ಟರು. ಹೊರಡುವಾಗ ಅವರು ಹೇಳಿದ ಮಾತು ಈಗಲೂ ನನಗೆ ದೊಡ್ಡದಾಗಿ ಕಾಣುತ್ತದೆ. ಕೇಳಿದವರಿಗೆಲ್ಲ ಕೊಟ್ಟುಬಿಡಬೇಡಿ, ನನಗೂ ಅವಸರದಲ್ಲಿ ಕೊಡಬೇಡಿ, ನಾಲ್ಕು ಕಡೆ ವಿಚಾರಿಸಿ ಎಂದಿದ್ದರು.

ಹುಡುಗಿಯರು ಸುಮ್ಮನಿರುತ್ತಾರೆಯೇ? ಬಸ್ಸು ಬೈಲಹೊಂಗಲ ಮುಟ್ಟಿದ ಮರುದಿನವೇ ಸುದ್ದಿ ಊರೆಲ್ಲ ಹಬ್ಬಿತ್ತು. ಮೂರನೆಯ ದಿನ ಬೆಳಗ್ಗೆ ಮೈದುನ ಮನೆಗೆ ಬಂದ. ನಾನು ಶಾಲೆಗೆ ಹೊರಟವಳು ಪಡಸಾಲೆಯಲ್ಲಿ ಚಪ್ಪಲಿ ಮೆಟ್ಟುತ್ತಿದ್ದೆ. ಕಾಕು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು.

ಅವನು ಕೂರಲೂ ಇಲ್ಲ. “ವೈನಿ, ಅದು ಅಂಗಡಿ ಸಾಮಾನು. ನೆನಪಿಗಂತ ಕೊಟ್ಟಿದ್ದೆ, ಮಾರಾಕ ಅಲ್ಲ. ತಿರುಗಿ ಕೊಡ್ರಿ” ಎಂದ.

ಆ ಕ್ಯಾಮೆರಾ ಹೋದರೆ ಕಾಕುವಿಗೆ ಮತ್ತೆ ಅಡುಗೆಮನೆಯೊಂದೇ ಗತಿ. ಆದರೆ ಅವರು ಹಂಚಿನ ಮೇಲಿದ್ದ ರೊಟ್ಟಿ ಉಬ್ಬುವ ತನಕ ಕಾದರು. ಅದನ್ನು ತೆಗೆದು ಬುಟ್ಟಿಗೆ ಹಾಕಿ, ಹಿಟ್ಟಿನ ಕೈ ಒರೆಸಿಕೊಂಡು ಈಚೆ ಬಂದರು.

“ಅಂಗಡಿ ಸಾಮಾನು ಅಂದ್ರ ಕೊಡತೇನ್ರಿ. ಆದ್ರ ಅಂಗಡಿ ಯಾರದು ಅನ್ನೂದನ್ನೂ ಹಿರಿಯಾರ ಮುಂದ ಕುಂತು ಮಾತಾಡೂಣು. ನಿಮ್ಮ ಅಣ್ಣಾರು ಕಟ್ಟಿದ ಅಂಗಡಿ ಅದು. ನಾ ಇಷ್ಟು ದಿನಾ ಕೇಳಲಿಲ್ಲ. ಇಲ್ಲಾ, ಕೊಟ್ಟಿದ್ದು ಕೊಟ್ಟಂಗ ಇರಲಿ. ಎರಡರಾಗ ಯಾವುದು ನೀವ ಹೇಳ್ರಿ.”

ದನಿ ಏರಿರಲಿಲ್ಲ. ಕಾಕು ತಟ್ಟೆ ತಂದು ಎರಡು ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಹಾಕಿ ಮೈದುನನ ಮುಂದಿಟ್ಟರು. ಅವನು ಕೂತು ಉಂಡ. ಕೈ ತೊಳೆದುಕೊಂಡು, ಬರತೇನಿ ವೈನಿ ಎಂದಷ್ಟೇ ಹೇಳಿ ಹೊರಟುಹೋದ. ಆ ವಿಷಯವನ್ನು ಅವನು ಮತ್ತೆಂದೂ ಎತ್ತಲಿಲ್ಲ. ಅವನು ಹೋದ ಮೇಲೆ ಕಾಕು ಗೋಡೆಗೆ ಒರಗಿ ಕೂತರು. ನಾನು ಅಂದು ಶಾಲೆಗೆ ತಡವಾಗಿ ಹೋದೆ.

ಬೆಲೆ ಗೊತ್ತಾದ ಮೇಲೆ ಕಾಕು ಕ್ಯಾಮೆರಾವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರೆಂದು ನಾನು ತಿಳಿದಿದ್ದೆ. ಹಾಗೇನೂ ಆಗಲಿಲ್ಲ. ಮುಂಚಿನ ಹಾಗೇ ಅದು ಅವರ ಹೆಗಲಲ್ಲಿ ತೂಗಾಡುತ್ತ ಟೆಂಪೋ ಹತ್ತುತ್ತಿತ್ತು, ಮಳೆ ಬಂದರೆ ಸೆರಗಿನೊಳಗೆ ಸೇರುತ್ತಿತ್ತು. ಹೀಗೇ ಕೆಲವು ವರ್ಷ ಕಳೆದವು...

ಎರಡು ಸಾವಿರದ ಇಸವಿ ದಾಟಿದ ಮೇಲೆ ಇಬ್ಬರು ಹೆಣ್ಣುಮಕ್ಕಳು ಕಾಕುವಿನ ಹತ್ತಿರ ಕೆಲಸ ಕಲಿಯಲು ಬಂದರು. ಒಬ್ಬಳು ಸವದತ್ತಿಯವಳು, ಗಂಡನನ್ನು ಬಿಟ್ಟು ಮಗುವಿನೊಂದಿಗೆ ತವರು ಸೇರಿದ್ದವಳು. ಇನ್ನೊಬ್ಬಳು ರಾಮದುರ್ಗದ ನೇಕಾರರ ಮಗಳು. ಇಬ್ಬರೂ ಚುರುಕು. ಆದರೆ ಇದ್ದದ್ದು ಒಂದೇ ಕ್ಯಾಮೆರಾ. ಒಬ್ಬಳು ಹಿಡಿದರೆ ಇನ್ನೊಬ್ಬಳು ಸುಮ್ಮನೆ ನಿಲ್ಲಬೇಕು, ಇಬ್ಬರೂ ಕಲಿಯುತ್ತಿದ್ದರೆ ಕಾಕುವಿನ ಕೈ ಖಾಲಿ. ಅತ್ತ ಹುಬ್ಬಳ್ಳಿಯಲ್ಲಿ ಕಪ್ಪು ಬಿಳುಪು ಫೋಟೋದ ಕಾಗದ ಸಿಗುವುದೇ ಕಷ್ಟವಾಗತೊಡಗಿತ್ತು. ಒಂದು ದಿನ ಸಂಜೆ ಕಾಕು ಎಸ್‌ಟಿಡಿ ಬೂತಿಗೆ ಹೋಗಿ ಪುಣೆಗೆ ಫೋನ್ ಮಾಡಿ ಬಂದರು.

ನನಗೆ ಸಂಕಟವಾಯಿತು. ಯಜಮಾನರು ಹಿಡಿದ ಕ್ಯಾಮೆರಾ, ಇಷ್ಟು ವರ್ಷ ನಿಮ್ಮನ್ನು ಸಾಕಿದ್ದು, ಅದನ್ನು ಗಾಜಿನ ಕಪಾಟಿಗೆ ಕಳಿಸುತ್ತೀರಾ ಎಂದು ಕೇಳಿದೆ. ಮಾರಬೇಡಿರಿ, ಬೇರೇನಾದರೂ ದಾರಿ ನೋಡೋಣ ಎಂದೆ.

ಕಾಕು ಅಕ್ಕಿ ಆರಿಸುತ್ತಿದ್ದರು. “ಅಕ್ಕಾರ, ಅದು ಭಾಳ ದುಡದೈತಿ. ಅದಕ್ಕ ಇನ್ನ ವಿಶ್ರಾಂತಿ ಬೇಕು. ನನಗ ಇನ್ನೂ ಕೆಲಸ ಬೇಕು” ಎಂದರು.

ಪುಣೆಯವರು ಮುಂದಿನ ವಾರವೇ ಬಂದರು. ಕಿತ್ತೂರಿನಲ್ಲಿ ಹೇಳಿದ್ದಕ್ಕಿಂತ ಈಗ ಬೆಲೆ ಹೆಚ್ಚಾಗಿದೆ ಎಂದು ಅವರೇ ತಿಳಿಸಿದರು. ಕಾಕು ಒಪ್ಪಿದರು, ಆದರೆ ಒಂದು ಮಾತು ಇದೆ ಎಂದರು. ಮೈಮೇಲಿನ ಆ ಚರ್ಮವನ್ನು ಕೀಳಬಾರದು. ಪುಣೆಯವರು ಹಿಂದೆಮುಂದೆ ನೋಡಿದರು. ಮೂಲದಂಥದ್ದೇ ಚರ್ಮವನ್ನು ಹೊರದೇಶದಿಂದ ತರಿಸಿ ಹಚ್ಚಬೇಕೆಂದು ಅವರು ಯೋಚಿಸಿಕೊಂಡೇ ಬಂದಿದ್ದರು. ಹಾಗೆ ಮಾಡಿದರೆ ಅದರ ಮೌಲ್ಯ ಇನ್ನೂ ಏರುತ್ತದೆ, ನೋಡಲೂ ಚಂದ ಎಂದು ತಿಳಿಹೇಳಿದರು. ಕಾಕು ಒಪ್ಪಲಿಲ್ಲ. ಮಾತು ಅಲ್ಲಿಗೇ ನಿಂತಿತು. ಇಬ್ಬರ ನಡುವೆ ಚಾಪೆಯ ಮೇಲೆ ಕ್ಯಾಮೆರಾ.

ಸುಮ್ಮನಿರಲಾಗದೆ ಪುಣೆಯವರು ಅದನ್ನು ಎತ್ತಿಕೊಂಡು ತಳವನ್ನು ಬಿಚ್ಚಲು ಹೋದರು. ಕಾಕು ತಟ್ಟನೆ ತಡೆದರು. ಒಳಗೆ ಅರ್ಧ ರೀಲು ಹಾಗೇ ಇತ್ತು. ತೆರೆದರೆ ತೆಗೆದದ್ದೆಲ್ಲ ಹಾಳು. “ಇದನ್ನ ಮುಗಿಸಿ ಬರತೇನಿ, ಚಹಾ ಕುಡೀರಿ” ಎಂದು ಕ್ಯಾಮೆರಾ ಹಿಡಿದು ಓಣಿಗೆ ಇಳಿದರು.

ಪುಣೆಯವರು ಚಹಾ ಬಿಟ್ಟು ಹಿಂದೆಯೇ ಹೋದರು, ನಾನೂ ಹೋದೆ. ಕಾಕು ಹೊಸ್ತಿಲಲ್ಲಿ ಕೂತ ಬಾಣಂತಿಯ ಫೋಟೋ ತೆಗೆದರು. ನಲ್ಲಿಯ ಹತ್ತಿರ ಕೊಡ ತೊಳೆಯುತ್ತಿದ್ದವಳದ್ದು ತೆಗೆದರು. ಕುಬಸಕ್ಕೆ ಎರಡು ಸಲ ಸೀರೆ ಉಟ್ಟ ಪಕ್ಕದ ಮನೆಯ ಸೊಸೆಯದು, ಬೆಳೆದು ಲಂಗ ತೊಟ್ಟು ನಿಂತಿದ್ದ ಆ ಕೂಸಿನದೂ ತೆಗೆದರು. ಎಲ್ಲರನ್ನೂ ಮಾತಾಡಿಸುತ್ತ, ಬಳೆ ತಿರುಗಿಸುತ್ತ, ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದರು. ಯಾರೂ ಸೆರಗು ಸರಿಮಾಡಿಕೊಳ್ಳಲಿಲ್ಲ, ಯಾರೂ ಬಿಗಿದು ನಿಲ್ಲಲಿಲ್ಲ. ಓಣಿಯ ತುದಿ ಮುಟ್ಟುವಷ್ಟರಲ್ಲಿ ರೀಲು ತೀರಿತು.

ಮನೆಗೆ ಬಂದು ಕೂತ ಮೇಲೆ ಪುಣೆಯವರು, ತಮ್ಮ ಮನೆಯಲ್ಲಿ ಕಪಾಟು ತುಂಬ ಇಂಥ ಕ್ಯಾಮೆರಾಗಳಿವೆ, ಒಂದಾದರೂ ಕೆಲಸ ಮಾಡುವುದನ್ನು ಇವತ್ತಿನವರೆಗೆ ನೋಡಿರಲಿಲ್ಲ ಎಂದರು. ಚರ್ಮ ಕೀಳುವುದಿಲ್ಲ ಎಂದು ತಾವಾಗಿಯೇ ಮಾತು ಕೊಟ್ಟರು. ಬೆಲೆಯಲ್ಲೂ ಏನೂ ಇಳಿಸಲಿಲ್ಲ. ಆ ಮಾತನ್ನು ಅವರು ನಡೆಸಿಕೊಂಡರು ಕೂಡ. ವರ್ಷದ ಮೇಲೆ ಅವರ ಹೆಂಡತಿ ಈ ಕಡೆ ಬಂದಾಗ, ಕ್ಯಾಮೆರಾ ಹಾಗೇ ಇದೆ, ಮನೆಗೆ ಬಂದ ಸಂಗ್ರಾಹಕರೆಲ್ಲ ಮೊದಲು ಆ ಚರ್ಮದ ಬಗ್ಗೆಯೇ ಕೇಳುತ್ತಾರೆ ಎಂದು ನಗುತ್ತ ಹೇಳಿದ್ದರು.

ಕ್ಯಾಮೆರಾ ಹೋದ ದಿನ ಕಾಕು ಅತ್ತರೇ ಎಂದು ಯಾರಾದರೂ ಕೇಳಿದರೆ ನನಗೆ ಗೊತ್ತಿಲ್ಲ. ಕಾರು ಓಣಿ ತಿರುಗಿದ ಮೇಲೆ ಅವರು ಆ ಕೊನೆಯ ರೀಲನ್ನು ತೊಳೆಯಲು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಯಾವಾಗಲೂ ನನ್ನನ್ನು ಒಳಗೆ ಕರೆಯುತ್ತಿದ್ದವರು ಅವತ್ತು ಕರೆಯಲಿಲ್ಲ...

ಎರಡು ತಿಂಗಳಲ್ಲಿ ಪೇಟೆಯ ಹಿಂದಿನ ರಸ್ತೆಯಲ್ಲಿ ಕಾಕುವಿನ ಸ್ಟುಡಿಯೋ ಶುರುವಾಯಿತು. ಮೆಟ್ಟಿಲಿಲ್ಲದ ಮಳಿಗೆಯೇ ಬೇಕೆಂದು ಹುಡುಕಿ ಹಿಡಿದಿದ್ದರು. ಮೂರು ಕ್ಯಾಮೆರಾ, ಕೂಸುಗಳನ್ನು ಮಲಗಿಸಲು ಒಂದು ತೊಟ್ಟಿಲು, ಗೋಡೆಗೆ ದೊಡ್ಡ ಕನ್ನಡಿ. ಪೂಜೆಯ ದಿನ ಮೈದುನ ಬಂದ. ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತು ದೀಪಗಳನ್ನು ನೋಡಿ, ಅವು ನಿಂತ ಜಾಗ ಸರಿಯಿಲ್ಲ, ಮುಖದ ಮೇಲೆ ನೆರಳು ಬೀಳುತ್ತದೆ ಎಂದು ಅಂಗಿಯ ತೋಳು ಮಡಚಿದ. ಮಧ್ಯಾಹ್ನದವರೆಗೆ ಏಣಿಯ ಮೇಲೆ ನಿಂತು ಎಲ್ಲ ದೀಪಗಳನ್ನೂ ತಾನೇ ಸರಿಪಡಿಸಿಕೊಟ್ಟ. ಕಾಕು ಕೆಳಗೆ ನಿಂತು ಏಣಿ ಹಿಡಿದಿದ್ದರು.

ಆಮೇಲೆ ನನಗೆ ಧಾರವಾಡಕ್ಕೆ ವರ್ಗವಾಯಿತು. ಹಬ್ಬಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಡಿಜಿಟಲ್ ಕ್ಯಾಮೆರಾ ಬಂದಾಗ ಕಾಕು ಅದನ್ನೂ ಕಲಿತರು. ತೆಗೆದ ಕೂಡಲೇ ಫೋಟೋ ಕಾಣುವುದು ಅವರಿಗೆ ಬಲು ಇಷ್ಟವಾಗಿತ್ತು. ಸವದತ್ತಿಯವಳು ತನ್ನ ಊರಿನಲ್ಲೇ ಅಂಗಡಿ ಹಾಕಿದಳು, ರಾಮದುರ್ಗದವಳೂ ಹಾಕಿದಳು. ಕಾಕು ತೀರಿಕೊಂಡು ಈಗ ಬಹಳ ವರ್ಷಗಳಾದವು. ಕೆಲವೇ ದಿನ ಜ್ವರವಿತ್ತಂತೆ, ಯಾರನ್ನೂ ಕಾಯಿಸಲಿಲ್ಲ. ನಾನು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಬೈಲಹೊಂಗಲದ ಆ ಮಳಿಗೆಯಲ್ಲಿ ಈಗ ಮೊಬೈಲ್ ರಿಪೇರಿ ಮಾಡುತ್ತಾರೆ.

ಹೋದ ತಿಂಗಳು ರಾಮದುರ್ಗದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮವಿತ್ತು. ಫೋಟೋ ತೆಗೆಯಲು ಬಂದವಳು ಅವಳೇ, ಕಾಕುವಿನ ಹತ್ತಿರ ಕಲಿತ ನೇಕಾರರ ಮಗಳು. ಕೂದಲು ನರೆತಿದೆ, ಜೊತೆಗೆ ಕೆಲಸಕ್ಕೆ ಇಬ್ಬರು ಹೆಂಗಸರು. ನನ್ನನ್ನು ಕಂಡು ಓಡಿ ಬಂದು ಎರಡೂ ಕೈ ಹಿಡಿದುಕೊಂಡಳು. ಕಾಕು ಇರಬೇಕಿತ್ತು ಎಂದು ನಾನು ಹೇಳಲಿಲ್ಲ, ಅವಳೂ ಹೇಳಲಿಲ್ಲ.

ಒಳಗೆ ಹೆಂಗಸರೆಲ್ಲ ತೊಟ್ಟಿಲ ಸುತ್ತ ಕೂತಿದ್ದರು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಅವಳು ಕ್ಯಾಮೆರಾದಿಂದ ಕಣ್ಣು ತೆಗೆಯದೆ ಕೈ ಬೀಸಿ ಕರೆದಳು.

“ಅಕ್ಕಾರ, ದೂರ ಯಾಕ ನಿಂತೀರಿ? ಇಲ್ಲೆ ಒಬ್ಬರ ಜಾಗಾ ಖಾಲಿ ಐತಿ. ಬರ್ರಿ.”

ನಾನು ಹೋಗಿ ಕೂತೆ.